ಬಾಳಂತಿ ಗಾಡಿಯ ತಳ

ಚಕ್ರ ಬದಲಿಸೋಣವೆಂದು ಜಾಕು ಇಟ್ಟು ತಿರುವಿದೆ. ಗಾಡಿ ಮೇಲೇಳಲಿಲ್ಲ, ಜಾಕೇ ಗಾಡಿಯೊಳಗೆ ಹೋಯಿತು.

ಮಳೆಗಾಲ ಆಗಷ್ಟೇ ಹಿಂದೆ ಸರಿದಿತ್ತು. ಹಳಿಯಾಳ ಬಿಟ್ಟು ದಾಂಡೇಲಿಯ ದಾರಿ ಹಿಡಿದಿದ್ದೆವು. ಬಗ್ಗಿ ನೋಡಿದರೆ ಜಾಕಿನ ತಲೆ ಗಾಡಿಯ ಅಡಿಯ ಅಡ್ಡತೊಲೆಯಲ್ಲಿ ಸಲೀಸಾಗಿ ಹೂತುಕೊಂಡಿತ್ತು. ಪಕ್ಕದಲ್ಲಿ ಬೆರಳೊತ್ತಿದೆ, ಬೆರಳೂ ಹೋಯಿತು. ಹೊರಗೆಳೆದಾಗ ಕೈಗೆ ಬಂದದ್ದು ನೆನೆದ ರೊಟ್ಟಿಯಂಥ ಮರ. ಅದನ್ನು ಹಿಡಿದುಕೊಂಡು ನಾನು ಮಳೆಗೂ, ರಸ್ತೆಗೂ, ಆ ಗಾಡಿ ಕಟ್ಟಿದ ಯಾವನೋ ಬಡಗಿಯ ವಂಶಕ್ಕೂ ಮನಸಾರೆ ಬೈದೆ. ಬೈಯುವುದರಲ್ಲಿ ಆಗ ಮುಂಡಗೋಡದಿಂದ ಕ್ಯಾಸಲ್‌ರಾಕ್‌ವರೆಗೆ ನನಗೆ ಹೆಸರಿತ್ತು.

ಗಾಡಿ ಎಂದರೆ ಜೀಪಿನ ಹಿಂದೆ ಕೊಂಡಿ ಹಾಕಿ ಎಳೆಯುವ ಮರದ ಮನೆ. ಬ್ರಿಟಿಷರ ಕಾಲದಲ್ಲಿ ಯಾವನೋ ಜಂಗಲ್ ಸಾಹೇಬ ಕಾಡು ಸುತ್ತುವುದಕ್ಕೆಂದು ಮಾಡಿಸಿಕೊಂಡಿದ್ದನಂತೆ. ಒಳಗೆ ಮಲಗುವ ಹಲಗೆ, ಗೋಡೆಗೆ ಕಪಾಟು, ಎರಡು ಪುಟ್ಟ ಕಿಟಕಿ. ಅವನು ದೇಶ ಬಿಟ್ಟ ಮೇಲೆ ದಾಂಡೇಲಿಯ ಒಂದು ಕಟ್ಟಿಗೆ ಡಿಪೋದಲ್ಲಿ ಅದರೊಳಗೆ ಕೋಳಿ ಕಾವು ಕೂತಿದ್ದವು. ಹಳಿಯಾಳದ ಕಟ್ಟಿಗೆ ವ್ಯಾಪಾರಿಗಳು ಸೇರಿ ನಡೆಸುತ್ತಿದ್ದ ಧರ್ಮದ ದವಾಖಾನೆಯವರು ಅದನ್ನು ತಂದು, ತೊಳೆದು, ಬಿಳಿ ಬಣ್ಣ ಬಳಿದು ಹೆರಿಗೆಯ ಗಾಡಿ ಮಾಡಿದರು. ಜೊಯಿಡಾ, ಸೂಪಾ ಕಡೆಯ ಕಾಡಿನ ಹಳ್ಳಿಗಳಲ್ಲಿ ದಿನ ತುಂಬಿದ ಹೆಂಗಸು ದವಾಖಾನೆಗೆ ಬರಬೇಕೆಂದರೆ ಬಸ್ಸಿಲ್ಲ, ಆದ್ದರಿಂದ ದವಾಖಾನೆಯೇ ಅವಳ ಬಾಗಿಲಿಗೆ ಹೋಗಲಿ ಎಂಬುದು ಅವರ ವಿಚಾರ. ಜನ ಅದಕ್ಕೆ ಬಾಳಂತಿ ಗಾಡಿ ಎಂದು ಹೆಸರಿಟ್ಟರು. ನಾನು ಜೀಪಿನ ಡ್ರೈವರ, ಮೆಕ್ಯಾನಿಕ, ಗಾಡಿಗೆ ಬರುವ ಸಕಲ ರೋಗಗಳ ವೈದ್ಯ.

ಗಾಡಿಯೊಳಗೆ ಬರುವವರಿಗೆ ನರ್ಸಬಾಯಿ ಇದ್ದರು. ಗದಗಿನ ಕಡೆಯವರು. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಯಲ್ಲಿ ಅತ್ತಿಗೆಯ ಕಣ್ಣೆದುರು ರೊಟ್ಟಿ ಬಡಿಯುತ್ತ ವರ್ಷಗಳನ್ನು ಕಳೆದು, ಹೇಗೋ ತರಬೇತಿ ಮುಗಿಸಿ ಈ ಕೆಲಸ ಹಿಡಿದಿದ್ದರು. ಅವರ ವಾಸವೂ ಗಾಡಿಯಲ್ಲೇ. ಯಾವ ಊರಲ್ಲಿ ನಿಲ್ಲಿಸಿದರೂ ಮೊದಲು ಮೆಟ್ಟಿಲ ಮುಂದೆ ನೀರು ಚಿಮುಕಿಸಿ ರಂಗೋಲಿ ಎಳೆಯುತ್ತಿದ್ದರು. ಅವರ ಜೊತೆಗೆ ಒಬ್ಬ ಆಯಾ, ಜೊಯಿಡಾ ಹತ್ತಿರದ ಹಳ್ಳಿಯ ಕೊಂಕಣಿ ಮುದುಕಿ. ನನ್ನನ್ನು "ಪುತಾ", ಅಂದರೆ ಮಗನೇ, ಎಂದು ಕರೆಯುತ್ತಿದ್ದಳು. ನನ್ನ ಸಿಟ್ಟಿಗೆ ಕಿಂಚಿತ್ತೂ ಹೆದರದ ಪ್ರಾಣಿ ಆ ಸೀಮೆಯಲ್ಲಿ ಅವಳೊಬ್ಬಳೇ.

ಕೊಳೆತ ತೊಲೆ ಬದಲಿಸಿ, ರೋಗದ ಮೂಲ ಕಂಡುಹಿಡಿಯಲು ಕೂತೆ. ಅದರಲ್ಲಿ ಕಷ್ಟವೇನಿರಲಿಲ್ಲ. ಗಾಡಿಯ ಎರಡು ಬದಿಗೆ ಕಬ್ಬಿಣದ ಪಟ್ಟಿ, ಅವಕ್ಕೆ ಅಡ್ಡಲಾಗಿ ಮರದ ತೊಲೆಗಳು, ತೊಲೆಗಳ ಮೇಲೆ ಒಂದಕ್ಕೊಂದು ಕೂಡಿಸಿದ ಹಲಗೆಗಳು. ಚಕ್ರ ತಿರುಗುವಾಗ ಕೆಸರೆಲ್ಲ ನೇರ ತಳಕ್ಕೆ ಎರಚುತ್ತದೆ. ಹಳ್ಳ ದಾಟುವಾಗ ತಳ ನೀರಿಗೆ ತಾಗುತ್ತದೆ. ನೀರು ಕೆಳಗಿನಿಂದ ಬರುತ್ತದೆ, ಅದನ್ನು ಕೆಳಗೇ ತಡೆಯಬೇಕು. ಇಷ್ಟು ಸರಳ ಸಂಗತಿ ಎಂದುಕೊಂಡು ನಾನು ಜೀಪಿನ ಇಂಜಿನ್ನಿನಿಂದ ತೆಗೆದ ಕರಿ ಎಣ್ಣೆಯನ್ನು ಗೋಣಿ ಚಿಂದಿಯಲ್ಲಿ ಅದ್ದಿ ತಳಕ್ಕೆಲ್ಲ ತಿಕ್ಕಿದೆ. ಮರ ಕುಡಿಯಿತು. ನನಗೆ ಖುಷಿಯಾಯಿತು.

ಖುಷಿ ಸೂಪಾ ತಲುಪುವವರೆಗೆ ಬಾಳಿತು. ಬಿಸಿಲಿಗೆ ನಿಂತ ಕೂಡಲೇ ಗಾಡಿಯೊಳಗೆಲ್ಲ ಗ್ಯಾರೇಜಿನ ವಾಸನೆ ಎದ್ದಿತು. ಬಸುರಿಯರು ಮೊದಲೇ ವಾಸನೆಗೆ ಸೋಲುವವರು, ಮೆಟ್ಟಿಲು ಹತ್ತಿದವರೆಲ್ಲ ಸಾಲಾಗಿ ಇಳಿದು ಪೊದೆಯ ಹಿಂದೆ ಹೋಗಿ ವಾಂತಿ ಮಾಡತೊಡಗಿದರು. ನರ್ಸಬಾಯಿ ಮೂಗಿಗೆ ಸೆರಗು ಹಿಡಿದುಕೊಂಡೇ ನನಗೆ ಹೇಳಬೇಕಾದ್ದನ್ನೆಲ್ಲ ಹೇಳಿದರು. ಸೋಪಿನ ನೀರಿನಲ್ಲಿ ಎಣ್ಣೆಯನ್ನೆಲ್ಲ ತಿಕ್ಕಿ ತೆಗೆದೆ. ಹಚ್ಚುವುದಕ್ಕಿಂತ ತೆಗೆಯುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು.

ಆಮೇಲೆ ಡಾಂಬರು. ದಾಂಡೇಲಿ ಹತ್ತಿರ ರಸ್ತೆ ಕೆಲಸ ನಡೆದಿತ್ತು, ಮೇಸ್ತ್ರಿ ಪರಿಚಯದವನು, ಅರ್ಧ ಡಬ್ಬಿ ಕೊಟ್ಟ. ಡಾಂಬರನ್ನು ಕಾಯಿಸಿ, ತೆಳ್ಳಗಾದಾಗ ತೆಂಗಿನ ನಾರಿನ ಕುಂಚದಿಂದ ಬಳಿಯಬೇಕು. ಆರಿದರೆ ಎಳೆ ಬರುತ್ತದೆ, ಹೆಚ್ಚು ಕಾದರೆ ಹೊತ್ತಿಕೊಳ್ಳುತ್ತದೆ. ಇದನ್ನು ರಸ್ತೆಗೆ ಹಾಕುವವನು ನಿಂತು ಹಾಕುತ್ತಾನೆ. ನಾನು ಅಂಗಾತ ಮಲಗಿ ಮೇಲಕ್ಕೆ ಹಾಕಬೇಕಿತ್ತು. ಸಂದು, ಬೋಲ್ಟಿನ ಸುತ್ತು, ಹಲಗೆಯ ತುದಿ, ಒಂದನ್ನೂ ಬಿಡದೆ ಬಳಿದೆ. ಡಾಂಬರು ಗಾಡಿಗೆ ಎಷ್ಟು ಹತ್ತಿತೋ ನನ್ನ ತಲೆಗೂ ಅಷ್ಟೇ ಹತ್ತಿತು. ಸೀಮೆಎಣ್ಣೆ ಹಚ್ಚಿ ತಿಕ್ಕಿದರೂ ಬಿಡಲಿಲ್ಲ. ಕಡೆಗೆ ಹಜಾಮನ ಮುಂದೆ ಕೂತು ತಲೆ ಬೋಳಿಸಿಕೊಂಡೆ.

ಬೋಳುತಲೆಯವನನ್ನು ನೋಡಿ ಊರೂರಲ್ಲಿ ಜನ ದನಿ ತಗ್ಗಿಸಿ, ಅಪ್ಪನೋ ಅವ್ವನೋ ಎಂದು ಕೇಳಿದರು. ಡಾಂಬರು ಎಂದರೆ ಯಾರೂ ನಂಬಲಿಲ್ಲ. ದುಃಖಕ್ಕೆ ಹುಡುಗ ಏನೇನೋ ಮಾತಾಡುತ್ತಾನೆ ಅಂದುಕೊಂಡರು. ಸುದ್ದಿ ಬಸ್ಸಿನವರ ಬಾಯಿಂದ ಬಾಯಿಗೆ ಮುಂಡಗೋಡ ತಲುಪಿ, ಹೊಲದಲ್ಲಿ ಕುಂಟೆ ಹೊಡೆಯುತ್ತಿದ್ದ ನನ್ನ ಅಪ್ಪನಿಗೆ ತಾನು ತೀರಿಕೊಂಡದ್ದು ಗೊತ್ತಾಯಿತು. ಅವನು ಹೇಳಿ ಕಳಿಸಿದ ಮಾತನ್ನು ಇಲ್ಲಿ ಬರೆಯುವಂತಿಲ್ಲ. ನನಗೆ ಬೈಗುಳ ಎಲ್ಲಿಂದ ಬಂತೆಂದು ಕೇಳುವವರಿಗೆ ಅದೇ ಉತ್ತರ.

ಆದರೆ ತಳ ಮಾತ್ರ ನೋಡುವಂತಾಗಿತ್ತು. ಕಪ್ಪಗೆ, ಮಿರಮಿರ ಮಿಂಚುತ್ತಿತ್ತು. ದವಾಖಾನೆಯ ಕಾರ್ಯದರ್ಶಿ ಸಾಹುಕಾರರು ಸ್ವತಃ ಕಟ್ಟಿಗೆ ವ್ಯಾಪಾರಿ, ಮರ ಮುಟ್ಟಿದರೆ ಅದರ ಜಾತಕ ಹೇಳುವವರು, ದೊಡ್ಡ ಶರೀರದ ಮನುಷ್ಯ. ಅವರು ಬಗ್ಗಲಾರದೆ ಬಗ್ಗಿ ನೋಡಿ, ಇನ್ನು ತಮ್ಮ ಕಾಲಕ್ಕೆ ಈ ಗಾಡಿಯ ತಳ ನೋಡಬೇಕಾಗಿಲ್ಲ ಅಂದರು. ಬೇರೆ ವ್ಯಾಪಾರಿಗಳನ್ನೂ ಕರೆತಂದು ತೋರಿಸಿದರು. ನಾನು ಬೋಳುತಲೆ ಎತ್ತಿಕೊಂಡು ಓಡಾಡಿದೆ.

ಸಂಕ್ರಾಂತಿ ಕಳೆದಿತ್ತು. ಗಾಡಿ ಹಳಿಯಾಳಕ್ಕೆ ಬಂದು ಖಾಲಿ ನಿಂತಿದ್ದಾಗ ಸಾಹುಕಾರರು ಒಳಗಿನ ವ್ಯವಸ್ಥೆ ನೋಡಲು ಹತ್ತಿದರು. ನಡುವೆ ನಿಂತು, ಬಹಳ ಸ್ವಚ್ಛ ಇಟ್ಟೀರಿ ಎಂದು ನರ್ಸಬಾಯಿಯನ್ನು ಹೊಗಳುತ್ತಿದ್ದರು. ಹೊಗಳಿಕೆಯ ಮಧ್ಯದಲ್ಲೇ ಅವರ ಬಲಗಾಲು ಮೊಣಕಾಲಿನವರೆಗೆ ಕೆಳಗೆ ಹೋಯಿತು. ಹೊರಗೆ ನಿಂತಿದ್ದ ನನಗೆ ಗಾಡಿಯ ತಳದಿಂದ ಒಂದು ಕಾಲು, ಡಾಂಬರು ಮೆತ್ತಿದ ಜೋಡಿನ ಸಮೇತ, ಇಳಿದು ಬಂದದ್ದು ಕಂಡಿತು. ನಾನೂ ಆಯಾನೂ ಕೂಡಿ ಅವರನ್ನು ಎತ್ತಿದೆವು.

ಅವರು ಸಿಟ್ಟಾಗಲಿಲ್ಲ. ಮುರಿದ ಹಲಗೆಯ ಚೂರನ್ನು ಹಿಸುಕಿ ನೋಡಿದರು, ನೀರು ಜಿನುಗಿತು. ವ್ಯಾಪಾರಿಯ ದನಿಯಲ್ಲಿ ಹೇಳಿದರು:

"ಮಳಿಗಾಲದ ಮುಂದ ಮತ್ತ ಬಂದು ನೋಡ್ತೇನಿ. ಆಗೂ ಹಿಂಗ ಇತ್ತಂದ್ರ ಕಬ್ಬಣ ಮಾರೂದು, ಕಟ್ಟಿಗಿ ಒಲಿಗೆ ಹಾಕೂದು. ಹೆಣಮಕ್ಕಳ ಜೀಂವದ ಪ್ರಶ್ನಿ ಐತಿ. ನರ್ಸಬಾಯಾರು ತಮ್ಮ ಊರಿಗೆ ಹೋಗ್ಲಿ."

ಮಾತು ನ್ಯಾಯದ್ದೇ. ಅವರು ಹೋದ ಮೇಲೆ ನರ್ಸಬಾಯಿ ಹಲಗೆಯ ತೂತಿನ ಅಂಚಿಗೆ ಕೂತು ಬಹಳ ಹೊತ್ತು ಕೆಳಗಿನ ನೆಲ ನೋಡಿದರು. ನನ್ನನ್ನು ಬೈಯುತ್ತಾರೆಂದು ಕಾದೆ, ಬೈಯಲಿಲ್ಲ.

"ಡ್ರೈವರ, ನಾ ಮತ್ತ ಅಣ್ಣನ ಮನ್ಯಾಗ ಹೋಗಿ ಕೂಡಂಗಿಲ್ರಿ. ಅಲ್ಲಿ ನಾ ಉಂಡ ತುತ್ತು ಎಣಸ್ತಿದ್ರು. ಏನರ ಮಾಡಿ ಈ ಮನಿ ಉಳಸ್ರಿ."

ಸಿಟ್ಟಿನವರಿಗೆ ಇದೇ ಕಷ್ಟ, ಎದುರಿನವರು ಬೈದರೆ ತಡೆದುಕೊಳ್ಳುತ್ತೇವೆ, ಮೆತ್ತಗೆ ಮಾತಾಡಿದರೆ ತಡೆಯುವುದಿಲ್ಲ. ಉಳಿಸುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ.

ಮಾತು ಕೊಟ್ಟು ಮಾಡಿದ್ದೇನೆಂದರೆ ಮತ್ತಷ್ಟು ಡಾಂಬರು. ನಡುಭಾಗದ ಹಲಗೆಗಳನ್ನೆಲ್ಲ ಕಿತ್ತು ಮತ್ತಿ ಮರದ ಹೊಸ ಹಲಗೆ ಕೂಡಿಸಿದೆ. ಸಂದುಗಳಿಗೆ ಸೆಣಬು ತುರುಕಿ ಮೇಲೆ ಡಾಂಬರು, ಅದು ಆರಿದ ಮೇಲೆ ಇನ್ನೊಂದು ಪದರ. ಈ ಸಲ ತಲೆಗೆ ಗೋಣಿಚೀಲ ಕಟ್ಟಿಕೊಂಡಿದ್ದೆ. ಕೆಳಗಿನಿಂದ ಇರುವೆ ಕೂಡ ಒಳಗೆ ನುಸುಳದ ಹಾಗೆ ಮಾಡಿ, ಗಾಡಿಯನ್ನು ಜೊಯಿಡಾ ಕಡೆ ಎಳೆದೆ.

ಬೇಸಿಗೆ ಏರಿತು. ಮಳೆಯಿಲ್ಲ, ಹಳ್ಳಗಳು ಬತ್ತಿದವು, ರಸ್ತೆಯಲ್ಲಿ ಬರೀ ಕೆಂಪು ಧೂಳು. ಕಾಡೆಲ್ಲ ಒಣಗಿ ಸದ್ದು ಮಾಡುತ್ತಿತ್ತು. ಆದರೂ ನನ್ನ ಹೊಸ ಹಲಗೆಗಳ ಮೇಲೆ ಕಾಲಿಟ್ಟರೆ ಸಣ್ಣಗೆ ಕುಸಿದಂತೆ ಅನ್ನಿಸತೊಡಗಿತು. ಮೂಲೆಯೊಂದರಲ್ಲಿ ಗೋಣಿ ಹೊಲಿಯುವ ದಬ್ಬಣ ಚುಚ್ಚಿ ನೋಡಿದೆ. ಒಣಮರವಾದರೆ ದಬ್ಬಣದ ಮೊನೆ ನಿಲ್ಲಬೇಕು. ಇದು ನಿಲ್ಲಲಿಲ್ಲ, ಇಳಿಯಿತು. ನನಗೆ ತಲೆ ಕೆಟ್ಟುಹೋಯಿತು. ಗೆದ್ದಲು ಎಂದುಕೊಂಡೆ, ಒಂದೂ ಗೆದ್ದಲು ಕಾಣಲಿಲ್ಲ. ಹಲಗೆ ಕೊಟ್ಟವನು ಹಸಿ ಮರ ಕೊಟ್ಟ ಎಂದುಕೊಂಡು ಅವನ ಮನೆಯವರೆಗೆ ಹೋಗಿ ಜಗಳ ಮಾಡಿ ಬಂದೆ. ಕಡೆಗೆ ಯಾರೋ ಮಾಟ ಮಾಡಿಸಿದ್ದಾರೆ ಎಂದು ಗಾಡಿಯ ಮೂತಿಗೆ ಒಂದು ನಿಂಬೆಹಣ್ಣನ್ನೂ ಕಟ್ಟಿದೆ. ಇದನ್ನು ನೋಡಿ ಆಯಾ ತೃಪ್ತಿಯಿಂದ ತಲೆಯಾಡಿಸಿದಳು.

ಇಲ್ಲಿ ಒಂದು ಪದ್ಧತಿಯ ಮಾತು ಹೇಳಬೇಕು. ಹೆರಿಗೆಯ ಜಾಗದ ಹತ್ತಿರ ಗಂಡಸು ಸುಳಿಯಬಾರದು. ಹೆಂಗಸಿಗೆ ನೋವು ಶುರುವಾಯಿತೆಂದರೆ ಆಯಾ ಗಾಡಿಯ ಸುತ್ತ ನೆಲ ಮುಟ್ಟುವಂತೆ ಹಳೆ ಸೀರೆಗಳನ್ನು ಕಟ್ಟುತ್ತಿದ್ದಳು. ನಾನು ದೂರ ಮರದ ಕೆಳಗೆ ಆ ಹೆಂಗಸಿನ ಗಂಡನ ಜೊತೆ ಬೀಡಿ ಸೇದುತ್ತ ಕೂತುಬಿಡುತ್ತಿದ್ದೆ. ಬಾಣಂತಿ ಮಗುವಿನೊಂದಿಗೆ ಎತ್ತಿನ ಚಕ್ಕಡಿ ಹತ್ತಿ ಮನೆಗೆ ಹೋಗಿ, ಇನ್ನು ಬರಬಹುದು ಎಂದು ಆಯಾ ಕೂಗುವವರೆಗೆ ಆ ಕಡೆ ಹಾಯುತ್ತಿರಲಿಲ್ಲ. ಆ ನಡುವೆ ಒಳಗೆ ಏನೇನು ನಡೆಯುತ್ತದೆಂದು ನಾನು ಕೇಳಿದವನೂ ಅಲ್ಲ, ಅವರು ಹೇಳಿದವರೂ ಅಲ್ಲ.

ಒಂದು ದಿನ ಜೊಯಿಡಾದಾಚೆಯ ಒಂದು ಹಳ್ಳಿಯಲ್ಲಿ ಹೆರಿಗೆ ಮುಗಿದು, ಚಕ್ಕಡಿ ಹೋದದ್ದು ಕಂಡಿತು. ಆಯಾ ಇನ್ನೂ ಕೂಗಿರಲಿಲ್ಲ. ಗಾಡಿಯ ಪಾಟಾ, ಅದೇ ಚಕ್ರದ ಮೇಲಿನ ಕಮಾನಿನ ಪಟ್ಟಿ, ಕೆಲವು ದಿನಗಳಿಂದ ಒಂದು ಕಡೆ ಸದ್ದು ಮಾಡುತ್ತಿತ್ತು, ಅಷ್ಟು ನೋಡಿಬಿಡೋಣ ಎಂದು ನಾನು ಕೆಳಗೆ ತೂರಿ ಅಂಗಾತ ಮಲಗಿದೆ. ಮೇಲೆ ಯಾರೋ ಓಡಾಡುತ್ತಿದ್ದರು. ಒಂದು ಬೋಲ್ಟಿನ ಪಕ್ಕ ಡಾಂಬರು ಬಿರಿದದ್ದು ಕಂಡು, ಹತ್ತಿರದಿಂದ ನೋಡಲು ಮುಖ ಒಯ್ದೆ. ಟಪ್ ಎಂದು ಒಂದು ಹನಿ ಮೂಗಿನ ಮೇಲೆ ಬಿತ್ತು. ಒರೆಸಿಕೊಂಡೆ, ಇನ್ನೊಂದು ಬಿತ್ತು. ಬಣ್ಣ ನೋಡಿದೆ, ಮೂಸಿ ನೋಡಿದೆ. ಸಗಣಿ.

ಸುಡುಬಿಸಿಲಿನಲ್ಲಿ, ಮೋಡದ ಚೂರಿಲ್ಲದ ಆಕಾಶದ ಕೆಳಗೆ, ನನ್ನ ಗಾಡಿ ಸಗಣಿಯ ನೀರು ಸೋರುತ್ತಿತ್ತು.

ಎದ್ದು ಬಾಗಿಲಿಗೆ ಹೋದೆ. ಪದ್ಧತಿ, ಮರ್ಯಾದೆ ಯಾವುದೂ ಆಗ ನೆನಪಿಗೆ ಬರಲಿಲ್ಲ. ಒಳಗೆ ಆಯಾ ಮೊಣಕಾಲೂರಿ, ಬುಟ್ಟಿ ಪಕ್ಕಕ್ಕಿಟ್ಟುಕೊಂಡು, ನನ್ನ ಮತ್ತಿಯ ಹಲಗೆಗಳನ್ನು ಅಚ್ಚುಕಟ್ಟಾಗಿ ಸಗಣಿಯಿಂದ ಸಾರಿಸುತ್ತಿದ್ದಳು. ಅವಳ ಹಿಂದೆ ನರ್ಸಬಾಯಿ ಕುದಿಯುವ ನೀರಿನ ಹಂಡೆಯ ಪಕ್ಕ ಕಾರ್ಬಾಲಿಕ್ ಸೋಪು, ಕಸಬರಿಗೆ ಹಿಡಿದು, ಅವಳು ಮುಗಿಸುವುದನ್ನೇ ಕಾಯುತ್ತ ನಿಂತಿದ್ದರು. ಇಬ್ಬರೂ ನನ್ನ ಮುಖದ ಸಗಣಿಯ ಹನಿ ನೋಡಿದರು.

ಆಮೇಲೆ ತಿಳಿದದ್ದು ಇಷ್ಟು. ಹೆರಿಗೆಯಾದ ನೆಲವನ್ನು ಸಗಣಿಯಿಂದ ಸಾರಿಸದ ಹೊರತು ಅದು ಶುದ್ಧವಲ್ಲ. ಮನೆಯ ನೆಲವಾದರೂ ಅಷ್ಟೇ, ಗಾಡಿಯ ನೆಲವಾದರೂ ಅಷ್ಟೇ. ಸಾರಿಸಿದ್ದನ್ನು ಬಾಣಂತಿಯ ಕಡೆಯ ಹಿರಿಯ ಹೆಂಗಸು ನೋಡಿಕೊಂಡು ಹೋಗಬೇಕು. ಹಾಗಾಗಿ ಆಯಾ ಅವರೆದುರು ಒಮ್ಮೆ ಬಳಿದು, ಅವರು ಹೋದ ಮೇಲೆ ಮೂಲೆ ಬಿಟ್ಟುಹೋಗಿದ್ದರೆ ಸಮಾಧಾನಕ್ಕೆ ಇನ್ನೊಮ್ಮೆ ಬಳಿಯುತ್ತಿದ್ದಳು. ಆದರೆ ಹೆರಿಗೆ ಮಾಡಿಸುವ ಜಾಗದಲ್ಲಿ ಸಗಣಿ ಇದ್ದರೆ ಮುಂದಿನ ಬಾಣಂತಿಗೆ ಧನುರ್ವಾಯು ಹಿಡಿದೀತು ಎಂದು ನರ್ಸಬಾಯಿಗೆ ತರಬೇತಿಯಲ್ಲಿ ಕಲಿಸಿದ್ದರು. ಅದಕ್ಕೆ ಅವರು ಚಕ್ಕಡಿ ಮರೆಯಾದ ಕೂಡಲೇ ಹಂಡೆಗಟ್ಟಲೆ ಬಿಸಿನೀರು ಹೊಯ್ದು ಅದನ್ನು ತೊಳೆಯುತ್ತಿದ್ದರು. ಈ ಇಬ್ಬರು ಮೊದಲ ವಾರವೇ ಜಗಳಾಡಿ, ಮುಗಿಸಿ, ಒಬ್ಬರು ಬಳಿಯುವುದು ಒಬ್ಬರು ತೊಳೆಯುವುದು ಎಂದು ರಾಜಿಯಾಗಿದ್ದರಂತೆ. ನನಗೆ ಹೇಳಲಿಲ್ಲ ಏಕೆಂದರೆ ನಾನು ಕೂಗಾಡುತ್ತೇನೆ.

ಕೂಗಾಡಿದೆ. ಆಯಾ ಪೂರ್ತಿ ಕೇಳಿಸಿಕೊಂಡು, ಕೈ ತೊಳೆದು, ಶಾಂತವಾಗಿ ಹೇಳಿದಳು.

"ಪುತಾ, ಸಾರಿಸದೆ ಕಳಿಸಿದ್ರೆ ಅವಳ ಅತ್ತೆ ಅವಳನ್ನ ಒಳಗೆ ತಗೊಳ್ಳೂದಿಲ್ಲ. ನಾಳೆ ಈ ಗಾಡೀಲಿ ಯಾರೂ ಹತ್ತೂದಿಲ್ಲ. ಮತ್ತೆ ನೀ ಇದನ್ನ ಎಳ್ಕೊಂಡು ಏನು ಮಾಡ್ತಿ?"

ನರ್ಸಬಾಯಿ ಅದಕ್ಕೆ, ತಾವು ತೊಳೆಯದೆ ಬಿಡುವುದೂ ಸಾಧ್ಯವಿಲ್ಲ ಎಂದು ಮಾತ್ರ ಸೇರಿಸಿದರು. ನಾನು ಹೊರಗೆ ಹೋಗಿ ಜೀಪಿನ ಬಾನೆಟ್ಟಿನ ಮೇಲೆ ಕೂತೆ. ನೀರು ಕೆಳಗಿನಿಂದ ಬರುತ್ತದೆ ಎಂದು ನಾನು ಎಷ್ಟು ತಿಂಗಳು ಹೋರಾಡಿದ್ದೆ. ನೀರು ಮೇಲಿನಿಂದ, ಹಂಡೆಯಲ್ಲಿ ಬರುತ್ತಿತ್ತು. ಮೊದಲಾಗಿದ್ದರೆ ಅದು ಹಲಗೆಯ ಸಂದಿನಿಂದ ಜಿನುಗಿ ನೆಲಕ್ಕೆ ಇಳಿದು, ಗಾಳಿಗೆ ಮರ ಸ್ವಲ್ಪವಾದರೂ ಒಣಗುತ್ತಿತ್ತು. ನಾನು ಪದರದ ಮೇಲೆ ಪದರ ಡಾಂಬರು ಹಾಕಿ ಇಳಿಯುವ ದಾರಿಯನ್ನೆಲ್ಲ ಮುಚ್ಚಿದ್ದೆ. ನೀರು ಹಲಗೆಯಲ್ಲೇ ಕೂತು ಕೊಳೆಸುತ್ತಿತ್ತು. ನಾನು ಎಷ್ಟು ಚೆನ್ನಾಗಿ ಕೆಲಸ ಮಾಡಿದ್ದೆನೋ ಗಾಡಿ ಅಷ್ಟೇ ಬೇಗ ಹಾಳಾಗುತ್ತಿತ್ತು. ಬಾನೆಟ್ಟು ಸುಡುತ್ತಿದ್ದರೂ ಬಹಳ ಹೊತ್ತು ಇಳಿಯಲಿಲ್ಲ.

ಇಳಿದಾಗ ನಿರ್ಧಾರವಾಗಿತ್ತು. ಸಗಣಿ ನಿಲ್ಲುವುದಿಲ್ಲ, ಬಿಸಿನೀರು ನಿಲ್ಲುವುದಿಲ್ಲ, ಹೋಗಬೇಕಾದದ್ದು ಡಾಂಬರು. ಊರ ವ್ಯಾಪಾರಿಗಳೆಲ್ಲ ಬಗ್ಗಿ ನೋಡಿ ಭೇಷ್ ಅಂದಿದ್ದ ಡಾಂಬರು. ಕಾರ್ಯದರ್ಶಿಯವರು ಬರುವ ಹೊತ್ತಿಗೆ ತಳ ಬೋಳಾಗಿದ್ದರೆ ನನಗೆ ಹುಚ್ಚು ಹಿಡಿದಿದೆ ಎಂದೇ ತಿಳಿಯುತ್ತಾರೆ, ಗಾಡಿ ಅಲ್ಲೇ ಒಲೆಗೆ ಹೋಗುತ್ತದೆ. ನರ್ಸಬಾಯಿಗೆ ಇದನ್ನೂ ಬಿಡಿಸಿ ಹೇಳಿದೆ. ಅವರು, ತೆಗೀರಿ ಅಂದರು.

ಡಾಂಬರು ತೆಗೆಯುವುದು ಯಾರ ವೈರಿಗೂ ಬೇಡ. ಬಿಸಿಲಿನಲ್ಲಿ ಅದು ಅಂಟು, ನೆರಳಿನಲ್ಲಿ ಕಲ್ಲು. ಬೆಳಗಿನ ತಂಪಿನಲ್ಲಿ ಅದು ಗಡುಸಾಗಿರುವಾಗ ಹಳೆಯ ಕುರ್ಪಿಯಿಂದ ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತಿದ್ದೆ. ಸಂದಿನ ಸೆಣಬನ್ನೆಲ್ಲ ಕೊಕ್ಕೆ ಹಾಕಿ ಎಳೆದೆ. ಲಡ್ಡಾದ ಹಲಗೆ ಬದಲಿಸಿದೆ, ಈ ಸಲ ಬಿಗಿಯಾಗಿ ಕೂಡಿಸದೆ ನಡುನಡುವೆ ಗಾಳಿಯಾಡಲು ಒಂದು ನೂಲಿನಷ್ಟು ಸಂದು ಬಿಟ್ಟೆ. ಚಕ್ರದ ಮೇಲೆ ಕೆಸರು ತಡೆಯಲು ತಗಡು ಬಡಿದೆ. ಆಮೇಲೆ ಕಾರವಾರದ ಲಾರಿಯವನಿಂದ ಗೇರೆಣ್ಣೆ ತರಿಸಿದೆ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಈ ಎಣ್ಣೆಯನ್ನು ಅಲ್ಲಿ ದೋಣಿಯ ತಳಕ್ಕೆ ಹಚ್ಚುತ್ತಾರೆ. ಮರ ಅದನ್ನು ಕುಡಿದುಬಿಡುತ್ತದೆ, ಮೇಲೆ ಪದರ ಕಟ್ಟುವುದಿಲ್ಲ, ಮರಕ್ಕೆ ಉಸಿರೂ ಇರುತ್ತದೆ, ಹುಳವೂ ಮುಟ್ಟುವುದಿಲ್ಲ. ಚರ್ಮಕ್ಕೆ ಮಾತ್ರ ತಾಗಬಾರದು. ಅಂಗಾತ ಮಲಗಿ ಹಚ್ಚುವವನಿಗೆ ತಾಗದೆ ಇರುತ್ತದೆಯೇ? ಮುಖ ಕುಂಬಳಕಾಯಿಯಾಗಿ, ಕಣ್ಣು ಎರಡು ಗೆರೆಯಾಗಿ, ನಾನು ಕೊಬ್ಬರಿ ಎಣ್ಣೆ ಬಳಿಸಿಕೊಂಡು ಗಾಡಿಯ ನೆರಳಲ್ಲಿ ಬಿದ್ದಿದ್ದೆ. ಬಂದ ಬಸುರಿಯರು ನನ್ನನ್ನೇ ಮೊದಲ ರೋಗಿ ಎಂದು ತಿಳಿದರು.

ಸಾರಿಸುವುದಕ್ಕೆ ಬೇರೆ ಉಪಾಯ ಮಾಡಿದೆ. ಗಾಡಿಯ ನಡುನೆಲದಷ್ಟೇ ಅಳತೆಯ ಒಂದು ಪಾಟಿ, ಅಂದರೆ ಸುತ್ತ ಅಂಚು ಕಟ್ಟಿದ ಹಲಗೆಯ ತಟ್ಟೆ, ಬಾಗಿಲಿನಿಂದ ಓರೆಯಾಗಿ ಹೊರಗೆ ಬರುವ ಹಾಗೆ ಎರಡು ತುಂಡಿನಲ್ಲಿ ಮಾಡಿದೆ. ಹಿಂಬದಿಗೆ ಸ್ವಲ್ಪ ಇಳಿಜಾರು, ಅಲ್ಲಿ ಗಾಡಿಯ ಹೊರಗೆ ಚಾಚುವ ಒಂದು ತೂಬು, ತೂಬಿನ ಕೆಳಗೆ ನೆಲದ ಮೇಲೆ ಬಕೆಟ್ಟು. ಇದಕ್ಕೆ ಗೇರೆಣ್ಣೆ ಹಚ್ಚುವಂತಿಲ್ಲ, ನಮ್ಮೂರ ಗಾಣದಿಂದ ಅಗಸೆ ಎಣ್ಣೆ ತರಿಸಿ ಕಾಯಿಸಿ ಉಣಿಸಿದೆ. ಮೊದಲು ಮೇಲೆ ತಗಡು ಹೊದಿಸೋಣವೆಂದಿದ್ದೆ. ತಗಡಿಗೆ ಸಗಣಿ ಬಳಿಯುವುದು ಯಾವ ಊರಲ್ಲಿದೆ ಎಂದು ಆಯಾ ಕೇಳಿದಳು, ಬಿಟ್ಟೆ. ಹೆರಿಗೆ ಪಾಟಿಯ ಮೇಲೆ ಆಗುತ್ತದೆ. ಮುಗಿದ ಮೇಲೆ ಪಾಟಿ ಹೊರಗೆ, ಮರದ ಕೆಳಗೆ ಬರುತ್ತದೆ. ಅಲ್ಲಿ ಎಲ್ಲರೆದುರು ಆಯಾ ಸಾರಿಸುತ್ತಾಳೆ, ಆಮೇಲೆ ನರ್ಸಬಾಯಿ ತೊಳೆಯುತ್ತಾರೆ, ಬಿಸಿಲು ಒಣಗಿಸುತ್ತದೆ. ಮೊದಲ ಸಲ ಹಾಗೆ ಮಾಡಿದಾಗ ಒಬ್ಬ ಅತ್ತೆ ಸುತ್ತ ಬಂದು ನೋಡಿ, ಗಾಡಿಯ ಒಳಗಿನ ನೆಲ ಎಲ್ಲಿ ಎಂದಳು. ಇದೇ ನೆಲ ಎಂದಳು ಆಯಾ. ಅತ್ತೆ ಒಪ್ಪಿದಳು.

ಮಳೆಗೆ ಇನ್ನೇನು ಕೆಲವೇ ದಿನ ಇದ್ದಾಗ ಕಾರ್ಯದರ್ಶಿಯವರು ಮುನ್ಸೂಚನೆಯಿಲ್ಲದೆ ಬಂದಿಳಿದರು. ಗಾಡಿ ಸೂಪಾ ಹತ್ತಿರ ಕಾಳಿ ಹೊಳೆಯ ದಂಡೆಯಲ್ಲಿ ನಿಂತಿತ್ತು. ಒಳಗೆ ಹೋಗುವ ಧೈರ್ಯ ಅವರಿಗೆ ಇರಲಿಲ್ಲ, ಕಾಲಿನ ನೆನಪಿತ್ತು. ಬಗ್ಗಿ ನೋಡಿದರು. ಡಾಂಬರು ಎಲ್ಲಿ ಎಂದು ಕೇಳಿದರು. ತೆಗೆದೆ ಅಂದೆ. ಅವರು ನನ್ನ ಇನ್ನೂ ಪೂರ್ತಿ ಇಳಿಯದ ಮುಖ ನೋಡಿ, ಧೋತರ ಎತ್ತಿ ಕಟ್ಟಿ, ಶರೀರವನ್ನು ಬಹಳ ಕಷ್ಟದಿಂದ ಗಾಡಿಯ ಕೆಳಗೆ ತೂರಿಸಿದರು. ದಬ್ಬಣ ಹಿಡಿದು ನಾನೂ ಪಕ್ಕದಲ್ಲಿ ಮಲಗಿದೆ. ನರ್ಸಬಾಯಿ ಮೆಟ್ಟಿಲ ಮೇಲೆ ಕಲ್ಲಾಗಿ ನಿಂತಿದ್ದರು.

ಆಗಲೇ ಚಕ್ಕಡಿ ಬಂತು. ನೋವು ತಿನ್ನುತ್ತಿದ್ದ ಹೆಂಗಸನ್ನು ನಾಲ್ಕಾರು ಹೆಂಗಸರು ಎತ್ತಿಕೊಂಡೇ ಒಳಗೆ ಒಯ್ದರು. ನರ್ಸಬಾಯಿ ನಮ್ಮನ್ನು ಮರೆತು ಒಳಗೆ ಓಡಿದರು. ಹೊಳೆಯಿಂದ ನೀರು ತಂದ ಆಯಾ, ಕೆಳಗೆ ನೋಡದೆ, ಗಾಡಿಯ ಸುತ್ತ ಸೀರೆ ಕಟ್ಟಿಬಿಟ್ಟಳು. ಸೀರೆಯ ಆಚೆ ಹೆಂಗಸರ ಕಾಲುಗಳು. ಯಾವ ಕಡೆಯಿಂದ ತೆವಳಿ ಹೊರಟರೂ ಅವರ ಮಧ್ಯೆಯೇ ತಲೆ ಹೊರಬರುತ್ತಿತ್ತು. ಸಾಹುಕಾರರು ನನ್ನ ಕಡೆ ಹೊರಳಿ ಪಿಸುಗುಟ್ಟಿದರು.

"ಈಗೇನ ಮಾಡೂಣು?"

"ಏನೂ ಮಾಡಾಕ ಬರಂಗಿಲ್ರಿ. ಹಡಿಯೂತನ ಮಲಗೂದ."

ಮಲಗಿದೆವು. ಮೇಲೆ ಆ ಹೆಂಗಸು ಕೂಗಿದಾಗಲೆಲ್ಲ ಸಾಹುಕಾರರು ಕಣ್ಣು ಮುಚ್ಚಿ ಶಿವ ಶಿವ ಎನ್ನುತ್ತಿದ್ದರು. ಆಮೇಲೆ ಸುಮ್ಮನಿರಲಾರದೆ ನನ್ನ ಕೈಯ ದಬ್ಬಣ ಕಿತ್ತುಕೊಂಡು ತಮ್ಮ ಮೂಗಿನ ಮೇಲಿನ ಹಲಗೆಗೆ ಚುಚ್ಚಿದರು. ನಿಂತಿತು. ಪಕ್ಕದ ತೊಲೆಗೆ ಚುಚ್ಚಿದರು. ಕೈ ಚಾಚುವಷ್ಟು ದೂರ ಒಂದು ಹಲಗೆ, ಒಂದು ಸಂದು ಬಿಡದೆ ಚುಚ್ಚಿದರು. ಮರದ ವ್ಯಾಪಾರಿಯೊಬ್ಬ ಅಷ್ಟು ಕೂಲಂಕಷವಾಗಿ ಮರ ನೋಡಿದ್ದನ್ನು ನಾನು ಮತ್ತೆ ಕಂಡಿಲ್ಲ. ಮೇಲೆ ನೀರು ಹೊಯ್ದ ಸದ್ದಾಯಿತು. ಅವರು ಉಸಿರು ಬಿಗಿಹಿಡಿದು ಸಂದುಗಳನ್ನೇ ನೋಡಿದರು. ಒಂದು ಹನಿಯೂ ಬೀಳಲಿಲ್ಲ. ಅಷ್ಟರಲ್ಲಿ ಯಾರೋ ಅವಸರದಲ್ಲಿ ತೂಬಿನ ಕೆಳಗಿನ ಬಕೆಟ್ಟು ಒಯ್ದಿದ್ದರಿಂದ ಹಿಂಬದಿಗೆ ಸುರಿದ ನೀರೆಲ್ಲ ಹರಿದು ಬಂದು ಅವರ ಬೆನ್ನ ಕೆಳಗೆ ಸೇರಿತು.

"ಇದು ಸೋರಿದ್ದಲ್ರಿ," ಎಂದೆ ಗಾಬರಿಯಿಂದ.

"ಗೊತ್ತಾಗ್ತೈತಿ. ಸುಮ್ಮನಿರು."

ಆಗ ಕೂಸು ಅತ್ತಿತು. ನಮ್ಮ ಮುಖದಿಂದ ಒಂದು ಗೇಣು ಮೇಲೆ, ಹಲಗೆಯ ಆಚೆ, ಗಟ್ಟಿ ದನಿಯಲ್ಲಿ ಅತ್ತಿತು. ಸಾಹುಕಾರರ ಕಣ್ಣಲ್ಲಿ ನೀರು ಬಂದು ಕಿವಿಯ ಕಡೆ ಇಳಿಯಿತು. ತಮಗೆ ಮೊಮ್ಮಕ್ಕಳಿದ್ದರೂ ಈ ಮೊದಲ ಅಳು ಕೇಳಿದ್ದು ಇದೇ ಮೊದಲು ಅಂದರು.

ಬಾಣಂತಿಯನ್ನು ಪಾಟಿಯಿಂದ ಮಂಚದ ಹಲಗೆಗೆ ಮಲಗಿಸಿ, ಪಾಟಿ ಹೊರಗೆ ತರಲು ಆಯಾ ಸೀರೆ ಎತ್ತಿದಾಗ ನಾವು ಸಿಕ್ಕಿಬಿದ್ದೆವು. ಅವಳು ಕೊಂಕಣಿಯಲ್ಲಿ ಏನೇನೆಂದಳೋ, ಅರ್ಥವಾಗದ್ದು ನಮ್ಮ ಪುಣ್ಯ. ಇಬ್ಬರೂ ಹೊಳೆಯಲ್ಲಿ ತಲೆಗೆ ಸ್ನಾನ ಮಾಡಿ ಬರುವವರೆಗೆ ಯಾರನ್ನೂ ಮುಟ್ಟಕೂಡದೆಂದು ಅಪ್ಪಣೆಯಾಯಿತು. ಹಳಿಯಾಳದ ಅರ್ಧ ಪೇಟೆಯನ್ನು ಆಳುತ್ತಿದ್ದ ಸಾಹುಕಾರರು ತುಟಿಪಿಟಕ್ಕೆನ್ನದೆ ಕಾಳಿಯಲ್ಲಿ ಮುಳುಗಿ ಬಂದರು. ಬಂದು, ಮರದ ಕೆಳಗೆ ಆಯಾ ಪಾಟಿ ಸಾರಿಸುವುದನ್ನೂ, ನರ್ಸಬಾಯಿ ಹಂಡೆ ಹಿಡಿದು ಕಾದಿರುವುದನ್ನೂ ನೋಡಿದರು. ನಾನು ಇದ್ದದ್ದನ್ನೆಲ್ಲ ಹೇಳಿದೆ. ಬೈಯುತ್ತಾರೆಂದು ನರ್ಸಬಾಯಿ ತಲೆ ತಗ್ಗಿಸಿದ್ದರು. ಸಾಹುಕಾರರಿಗೆ ಬೈಯುವಂಥದ್ದೇನೂ ಅದರಲ್ಲಿ ಕಾಣಲಿಲ್ಲ.

"ಮತ್ತ, ಸಾರಸದ ಹೆಂಗ ಬಿಡಾಕ ಬರ್ತೈತಿ?" ಅಂದರು. "ನಮಗ ಗಂಡಸರಿಗೆ ಇದು ಹೊಳೀಬೇಕಿತ್ತು. ಗಾಡಿ ಇರ್ಲಿ, ಬಾಯಾರ. ನೀವೂ ಇರ್ರಿ."

ಅವರ ಮೋಟಾರು ಹೋಯಿತು, ಸಂಜೆಗೆ ಬಾಣಂತಿಯ ಚಕ್ಕಡಿಯೂ ಹೋಯಿತು. ಒಣಗಿದ ಪಾಟಿಯನ್ನು ಒಳಗೆ ಕೂಡಿಸಲು ನಾನು ಗಾಡಿ ಹತ್ತಿದೆ. ಕಿಟಕಿಗಳಿಗೆ ಪರದೆ ಇರಲಿಲ್ಲ. ಕಪಾಟಿನಲ್ಲಿ ನರ್ಸಬಾಯಿಯ ಸ್ವಂತ ಸಾಮಾನಿನ ಜಾಗ ಖಾಲಿಯಾಗಿತ್ತು. ಮೂಲೆಯಲ್ಲಿ ಅವರ ಟ್ರಂಕು, ಸುತ್ತ ಹಗ್ಗ ಬಿಗಿದು, ಹೊರಡಲು ಸಿದ್ಧವಾಗಿತ್ತು. ಸಾಹುಕಾರರ ಮೋಟಾರು ಆಚೆ ದಂಡೆಯಲ್ಲಿ ಕಂಡಾಗಲೇ ಕಟ್ಟಿದ್ದರಂತೆ. ನನಗೆ ಎಲ್ಲಿತ್ತೋ ಸಿಟ್ಟು ಬಂತು. ನನ್ನ ಮುಖ ಸುಟ್ಟಿತ್ತು, ಕೈ ಸುಲಿದಿತ್ತು.

"ಬಾಯಾರ, ನನ್ನ ಕೆಲಸದ ಮ್ಯಾಲ ಇಷ್ಟೂ ಭರೋಸಾ ಇರಲಿಲ್ಲೇನ್ರಿ?"

ನರ್ಸಬಾಯಿ ನಕ್ಕರೋ ಅತ್ತರೋ, ಎರಡೂ ಕೂಡಿತ್ತು.

"ನಿಮ್ಮ ಹಲಗಿ ಮ್ಯಾಲ ಭರೋಸಾ ಇತ್ರಿ. ನನ್ನ ನಸೀಬದ ಮ್ಯಾಲ ಇರಲಿಲ್ಲ."

ನಾನು ಟ್ರಂಕಿನ ಮುಂದೆ ಕೂತು ಹಗ್ಗ ಬಿಚ್ಚತೊಡಗಿದೆ. ಇನ್ನೆಂದೂ ತೆರೆಯಲಿಕ್ಕಿಲ್ಲ ಎಂಬಂತೆ ಗಂಟು ಬಿಗಿದಿದ್ದರು. ಚಾಕು ತೆಗೆದರೆ, ಹಗ್ಗ ಚಲೋ ಐತಿ, ಕೊಯ್ಯಬ್ಯಾಡ್ರಿ ಎಂದು ಗದರಿದರು. ಹಲ್ಲಿನಿಂದ ಕಚ್ಚಿ ಬಿಚ್ಚಿದೆ. ಮೇಲುಗಡೆಯೇ ಪರದೆಗಳಿದ್ದವು. ಅವನ್ನು ತೆಗೆದುಕೊಂಡು, ನನ್ನ ಹಲಗೆಗಳ ಮೇಲೆ ಧೈರ್ಯವಾಗಿ ಕಾಲೂರಿ ನಿಂತು, ಅವರು ಕಿಟಕಿಗೆ ಕಟ್ಟತೊಡಗಿದರು.